ಸ್ಟಿರಾಯ್ಡ್ ಮಾತ್ರೆಯಿಂದ ಕಣ್ಣು ಮಂಜಾದಾಗ ನಾನು ಮಾಡಿದ್ದು

ಕಿಡ್ನಿ ತೊಂದರೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿ ಮೂರನೇ ವಾರ. ಒಂದು ಬೆಳಿಗ್ಗೆ ಫೋನ್ ನೋಡಿದರೆ ಅಕ್ಷರಗಳೆಲ್ಲ ಕಲಸಿಕೊಂಡಿವೆ. ಕನ್ನಡಕ ಒರೆಸಿದೆ, ಕಣ್ಣು ತೊಳೆದೆ, ಏನೂ ಪ್ರಯೋಜನ ಆಗಲಿಲ್ಲ.

ತುಂಬಾ ಹೆದರಿದೆ. ಮಾತ್ರೆ ಬಿಟ್ಟುಬಿಡೋಣ ಅನ್ನಿಸಿತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ವಾರಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡಾಗ ದೇಹ ತನಗೆ ಬೇಕಾದ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಾನೇ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಕಣ್ಣಿನ ಡಾಕ್ಟರ್ ಕಣ್ಣೊಳಗಿನ ಒತ್ತಡ ಅಳೆದರು, ಡ್ರಾಪ್ಸ್ ಹಾಕಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ನೋಡಿದರು. ಎರಡೂ ಸರಿಯಾಗಿದ್ದವು. ಸಿಕ್ಕಿಬಿದ್ದದ್ದು ಶುಗರ್! ಖಾಲಿ ಹೊಟ್ಟೆಯಲ್ಲಿ ಚೆನ್ನಾಗೇ ಇತ್ತು, ಮಧ್ಯಾಹ್ನ ಊಟದ ನಂತರ ನೋಡಿದರೆ 260. ಬೆಳಿಗ್ಗೆ ನುಂಗಿದ ಸ್ಟಿರಾಯ್ಡ್ ಶುಗರ್ ಏರಿಸುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಅಂತೆ, ಹಾಗಾಗಿ ಬೆಳಗಿನ ಪರೀಕ್ಷೆ ಒಂದನ್ನೇ ನಂಬಿ ಕೂರಬೇಡಿ. ಶುಗರ್ ಏರಿಳಿದಾಗ ಕಣ್ಣೊಳಗಿನ ಮಸೂರದಲ್ಲಿ ನೀರಿನಂಶವೂ ಹೆಚ್ಚುಕಡಿಮೆಯಾಗಿ ಕನ್ನಡಕದ ನಂಬರೇ ಬದಲಾಗುತ್ತದೆ. ಹೊಸ ಕನ್ನಡಕ ಮಾಡಿಸಲು ಹೊರಟಿದ್ದವಳನ್ನು ಡಾಕ್ಟರೇ ತಡೆದರು. ಶುಗರ್ ಹತೋಟಿಗೆ ಬಂದು ಕೆಲವು ವಾರ ಆಗುವವರೆಗೆ ಆ ನಂಬರ್ ನಿಲ್ಲುವುದಿಲ್ಲ, ಸುಮ್ನೆ ದುಡ್ಡು ದಂಡ ಅಲ್ವಾ.

ಅಲ್ಲಿಯವರೆಗೆ ದಿನ ಕಳೆಯಬೇಕಲ್ಲ. ಫೋನಿನ ಅಕ್ಷರ ದೊಡ್ಡದು ಮಾಡಿ, ಉದ್ದದ ಮೆಸೇಜುಗಳನ್ನು ಫೋನೇ ಓದಿ ಹೇಳುವ ಹಾಗೆ ಇಟ್ಟುಕೊಂಡೆ. ಗಾಡಿ ಓಡಿಸುವುದು ಪೂರ್ತಿ ಬಂದ್. ನನಗೆ ನಿಜಕ್ಕೂ ಭಯ ಇದ್ದದ್ದು ಮಾತ್ರೆಗಳ ಬಗ್ಗೆ, ಎರಡು ಮಾತ್ರೆ ಸ್ಟ್ರಿಪ್‌ಗಳು ನೋಡಲು ಒಂದೇ ಥರ ಇದ್ದವು. ಸ್ಟಿರಾಯ್ಡ್ ಸ್ಟ್ರಿಪ್‌ಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟೆ, ಕೈಗೇ ಗೊತ್ತಾಗುತ್ತಿತ್ತು.

ದಿನಾ ಬೆಳಿಗ್ಗೆ ಒಂದೇ ಕುರ್ಚಿಯಲ್ಲಿ ಕೂತು, ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರನ್ನೂ ಕಿಟಕಿಯ ಸರಳುಗಳನ್ನೂ ನೋಡುತ್ತಿದ್ದೆ. ಸ್ಟಿರಾಯ್ಡಿನಿಂದ ಕೆಲವರಿಗೆ ರೆಟಿನಾದ ಕೆಳಗೆ ನೀರು ತುಂಬುತ್ತದೆ. ನೇರ ಗೆರೆ ಡೊಂಕಾಗಿ ಕಂಡರೆ, ನೋಟದ ನಡುವೆ ಕಪ್ಪು ಮಚ್ಚೆ ಬಂದರೆ, ಕಣ್ಣು ನೋವಾಗಿ ದೀಪದ ಸುತ್ತ ಬಳೆಗಳು ಕಂಡರೆ ಅವತ್ತೇ ಬನ್ನಿ ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರು. ಆ ಸರಳುಗಳು ನೆಟ್ಟಗೆ ಕಂಡ ದಿನ ಧೈರ್ಯವಾಗಿರುತ್ತಿತ್ತು.

ಶುಗರ್‌ಗೆ ಔಷಧಿ ಕೊಟ್ಟರು, ಸ್ಟಿರಾಯ್ಡ್ ಡೋಸನ್ನೂ ಡಾಕ್ಟರೇ ಹಂತಹಂತವಾಗಿ ಇಳಿಸಿದರು. ಆರನೇ ವಾರದ ಹೊತ್ತಿಗೆ ಹಳೇ ಕನ್ನಡಕದಲ್ಲೇ ಕ್ಯಾಲೆಂಡರಿನ ಸಣ್ಣಕ್ಷರ ಓದಿದೆ, ಕಣ್ಣಲ್ಲಿ ನೀರೇ ಬಂತು. ಕಣ್ಣಿನ ಒತ್ತಡ ಏರಿದರೆ ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲವಾದ್ದರಿಂದ ಅದನ್ನು ಈಗಲೂ ನೋಡಿಸುತ್ತಿದ್ದೇನೆ, ಮುಂದಿನ ತಪಾಸಣೆ ಈ ತಿಂಗಳ ಕೊನೆಗಿದೆ.