ಸರ್ಫಿಂಗ್ ಕಲಿಯಾಕ ಹೊಂಟೀರಿ, ಎದಿ ಡವಡವ ಅಂತೈತಿ, ಈಗೇನ್ ಮಾಡೂದು?

ಬೆಳಗಾವ್ಯಾಗ ಕುಂತು ಸರ್ಫಿಂಗ್, ಅಂದ್ರ ಬೋರ್ಡ್ ಮ್ಯಾಲ ನಿಂತು ಸಮುದ್ರದ ಅಲೆ ಜೋಡಿ ಜಾರೂ ಆಟದ ಬಗ್ಗೆ ಏನ್ ಬರೀತಾರ ಅಂತ ನಗಬ್ಯಾಡ್ರಿ, ಚೋರ್ಲಾ ಘಾಟ್ ಇಳದ್ರ ಗೋವಾ ಸಮುದ್ರ ಬೈಕ್ ಮ್ಯಾಲ ಹೋಗೂವಷ್ಟು ಹತ್ರ ಐತಿ, ವೀಕೆಂಡ್‌ಗೆ ಹೋಗಿ ಬೋರ್ಡ್ ಮ್ಯಾಲ ನಿಂತ ಫೋಟೋ ಸ್ಟೇಟಸ್ ಹಾಕೂ ಮಂದಿ ನಿಮ್ಮ ಕಾಂಟ್ಯಾಕ್ಟ್‌ನ್ಯಾಗೂ ಒಬ್ಬರರ ಇರತಾರ. ಬಾಗಲಕೋಟಿ, ವಿಜಯಪುರದವ್ರಿಗೆ ದಾರಿ ಜರಾ ದೂರ, ಅವ್ರು ಗೋಕರ್ಣ ಹಿಡೀತಾರ, ಇನ್ನೂ ಉಮೇದಿ ಇದ್ದವ್ರು ಮಂಗಳೂರ ಹತ್ರ ಮುಲ್ಕಿತನಕ ಹೋಗತಾರ. ಹೋಗೂ ಮುಂಚೆ ಎಲ್ಲಾರೂ ಕೇಳೂದು ರೇಟ್ ಎಷ್ಟು, ರೂಮ್ ಎಲ್ಲಿ ಅಂತ. ನೀರಾಗ ಕಾಲಿಟ್ಟ ಕೂಡ್ಲೆ ಕೈಕಾಲು ಥರಥರ ನಡಗ್ತಾವಲ್ಲ, ಅದರ ಬಗ್ಗೆ ಯಾರೂ ಕೇಳೂದಿಲ್ಲ, ಯಾಕಂದ್ರ ಅಂಜಿಕಿ ಅಂತ ಹೇಳಾಕ ನಾಚಿಕಿ.

ಮೊದಲ ಒಂದು ತಿಳ್ಕೋರಿ, ಇದು ಧೈರ್ಯ ಇಲ್ಲದವ್ರಿಗೆ ಬರೂ ರೋಗ ಅಲ್ಲ. ಕಿಡ್ನಿ ಮ್ಯಾಲ ಇರೂ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಾಲಿನ್ ರಕ್ತಕ್ಕ ಸೇರಿದ್ರ ಎದಿ ಜೋರ್ ಬಡೀತೈತಿ, ಉಸಿರು ಮ್ಯಾಲ ಮ್ಯಾಲ ಬರತೈತಿ, ಬಾಯಿ ಒಣಗತೈತಿ, ಹೊಟ್ಟ್ಯಾಗ ಕಲಸಿದಂಗ ಆಗತೈತಿ, ಕಣ್ಣು ಮುಂದಿಂದಷ್ಟ ನೋಡತಾವ. ಓಡಾಕ ಇಲ್ಲಾ ಹೊಡದಾಡಾಕ ಮೈ ರೆಡಿ ಆಗೂದು ಇದು. ಈ ಅಡ್ರಿನಾಲಿನ್ ರಕ್ತದಾಗ ಭಾಳ ಹೊತ್ತು ನಿಲ್ಲೂದಿಲ್ಲ, ಹೊಸಾದು ಸೇರಲಿಲ್ಲಂದ್ರ ಕೆಲವ ನಿಮಿಷದಾಗ ಇಳಿಯಾಕ ಸುರು ಆಗತೈತಿ, ನಡುಕ ಪೂರ್ತಿ ನಿಲ್ಲಾಕ ಮಾತ್ರ ಇನ್ನಷ್ಟು ಹೊತ್ತು ಬೇಕು. ಹಂಗಾಗಿ ಅಂಜಿಕಿ ಪೂರ್ತಿ ಹೋಗ್ಲಿ ಆಮ್ಯಾಲ ಇಳೀತೀನಿ ಅಂತ ದಂಡ್ಯಾಗ ಕುಂತ್ರ ಸಂಜಿತನಕ ಕುಂತ ಇರಬೇಕಾಗತೈತಿ, ಯಾಕಂದ್ರ ಪ್ರತಿ ಅಲೆ ನೋಡಿದಾಗ ಹೊಸಾದು ಸುರು. ಜರಾ ಇಳಿಯೂತನಕ ಕಾಯ್ರಿ ಸಾಕು, ಉಳದಿದ್ದನ್ನ ಜೋಡಿ ಕರ್ಕೊಂಡ ನೀರಿಗಿ ಹೋಗ್ರಿ.

ತಯಾರಿ ಮನ್ಯಾಗ ಸುರು ಮಾಡಬೇಕು. ಬೋರ್ಡ್ ಮ್ಯಾಲ ಬೋರಲ ಮಲಗಿ ಎರಡೂ ಕೈ ಒತ್ತಿ ಟಪ್ಪಂತ ಎದ್ದು ನಿಲ್ಲೂದಕ್ಕ ಪಾಪ್-ಅಪ್ ಅಂತಾರ, ಇದನ್ನ ಚಾಪಿ ಮ್ಯಾಲ ದಿನಾ ಮಾಡ್ರಿ. ಅಂಜಿಕ್ಯಾಗ ತಲಿ ಓಡೂದಿಲ್ಲ, ಮೈಗೆ ರೂಢಿ ಆಗಿದ್ದಷ್ಟ ಬರತೈತಿ. ಇನ್ನೊಂದು ಯಾರೂ ಹೇಳದ್ದು ಹೇಳತೀನಿ, ಪಾಪ್-ಅಪ್ ಆರಾಮ ಇದ್ದಾಗ ಮಾಡಬ್ಯಾಡ್ರಿ, ಮೆಟ್ಲ ಮ್ಯಾಲ ಓಡಿ ಹತ್ತಿ ಇಳದು ಎದಿ ಹಾರೂಹೊತ್ತಿಗೆ ಮಾಡ್ರಿ. ವಿಜಯಪುರದವ್ರು ಗೋಳಗುಮ್ಮಟದ ಏಳು ಅಂತಸ್ತು ಹತ್ತಿ ಪಿಸುಗುಟ್ಟೂ ಗ್ಯಾಲರಿಗೆ ಹೋದಾಗ ಎದಿ ಹಿಂಗ ಬಡೀತೈತಿ, ಅಲ್ಲಿ ಯಾರೂ ಅಂಜೂದಿಲ್ಲ, ಹತ್ತಿ ಬಂದೀವಿ ಅದಕ್ಕ ಅಂತ ಗೊತ್ತಿರತೈತಿ. ಎದಿ ಬಡದ್ರ ಅಪಾಯ ಬಂತು ಅಂತಲ್ಲ, ಇಷ್ಟ ಮೈಗೆ ಕಲಿಸಬೇಕಾಗಿರೂದು. (ಹಾರ್ಟ್ ತ್ರಾಸ, ಅಸ್ತಮಾ, ಫಿಟ್ಸ್ ಇದ್ದವ್ರು ಮೊದಲ ಡಾಕ್ಟರ್ ಕೇಳ್ರಿ, ಇದರಾಗ ಜಂಬ ಬ್ಯಾಡ.)

ಬಾವ್ಯಾಗ, ಹೊಳ್ಯಾಗ ಬೆನ್ನಿಗೆ ಬೆಂಡು ಕಟ್ಕೊಂಡು ಈಸಾಕ ಕಲತವ್ರು ನಮ್ಮ ಕಡೆ ಭಾಳ ಮಂದಿ, ಅವ್ರಿಗೆ ನನಗೇನು ಅನ್ನೂ ಧಿಮಾಕು ಇರತೈತಿ. ಉಪ್ಪುನೀರು ಸೀನೀರಿಗಿಂತ ಚೊಲೋ ತೇಲಸ್ತೈತಿ ಖರೆ, ಆದ್ರ ಬಾವಿ ನೀರು ನಿಮ್ಮನ್ನ ಎಳಿಯೂದಿಲ್ಲ, ಸಮುದ್ರ ಎಳೀತೈತಿ. ಈಸು ಬರದವ್ರು ನಾಚ್ಕೊಳ್ಳದ ಕಲಸವ್ರಿಗೆ ಮೊದಲ ಹೇಳ್ರಿ, ಸೊಂಟದ ಮಟ ನೀರು ದಾಟಬ್ಯಾಡ್ರಿ. ಹೊಸಬ್ರಿಗೆ ಅಲ್ಲೇ ಕೆಲಸ, ಒಡದು ನೊರಿ ಆಗಿ ಬರೂ ಬಿಳಿ ನೀರಾಗ. ಬೋರ್ಡ್ 8-9 ಫೂಟಿಂದು, ಮೆತ್ತಗಿನ ಫೋಮಿಂದು ತಗೋರಿ, ದೊಡ್ಡದಿದ್ದಷ್ಟು ಅಲುಗಾಡೂದು ಕಮ್ಮಿ, ಸಣ್ಣ ಬೋರ್ಡ್ ಸ್ಟೈಲ್ ಕಾಣ್ತೈತಂತ ತಗೊಂಡ್ರ ಅಂಜಿಕಿ ಡಬಲ್. ಜೂನ್‌ನಿಂದ ಸೆಪ್ಟೆಂಬರ್‌ತನಕ ಮಳಿಗಾಲದಾಗ ಪಶ್ಚಿಮ ಕರಾವಳಿ ಸಮುದ್ರ ಹುಚ್ಚೆದ್ದಿರತೈತಿ, ಮೊದಲನೇ ಸಲಕ್ಕ ಅಕ್ಟೋಬರ್ ಮ್ಯಾಲ ಹೋಗ್ರಿ, ಗಾಳಿ ಏಳೂ ಮುಂಚೆ ಮುಂಜಾನಿ ಹೊತ್ತು. ಕೆಂಪು ಬಾವುಟ ಹಾಕಿದ್ರ ಇಳಿಯೂ ಮಾತೇ ಇಲ್ಲ.

ಅವತ್ತು ಮುಂಜಾನಿ ನಾಷ್ಟಾ ಹಗೂರ ಇರಲಿ, ನೀರಿಗೆ ಇಳಿಯೂ ಎರಡು ತಾಸು ಮುಂಚೆ. ಮ್ಯಾಲಮ್ಯಾಲ ಚಹಾ ಕುಡಿಯೂ ಚಟ ಇದ್ರ ಒಂದಕ್ಕ ನಿಲ್ಲಸ್ರಿ, ಮೊದಲ ಎದಿ ಹಾರಾಕತ್ತಿರತೈತಿ, ಮ್ಯಾಲ ಕೆಫೀನ್ ಬ್ಯಾರೆ ಯಾಕ. ದಂಡ್ಯಾಗ ಸುಮ್ನ ಸಮುದ್ರ ನೋಡ್ಕೋತ ನಿಂತ್ರ ಅಂಜಿಕಿ ಬೆಳೀತೈತಿ, ಅದಕ್ಕ ಏನರ ಎಣಿಸ್ರಿ. ಅಲೆಗಳು ಗುಂಪುಗುಂಪಾಗಿ ಬರತಾವ, ನಡುವ ಜರಾ ಶಾಂತ ಇರತೈತಿ, ಒಂದು ಗುಂಪಿನ್ಯಾಗ ಎಷ್ಟು ಅಲೆ, ಆಮ್ಯಾಲ ಎಷ್ಟು ಹೊತ್ತು ಬಿಡುವು ಅಂತ ಲೆಕ್ಕ ಹಾಕ್ರಿ. ಲೆಕ್ಕಾನೂ ಸಿಗತೈತಿ, ಒಳಗ ಯಾವಾಗ ಹೋಗಬೇಕಂತಾನೂ ತಿಳೀತೈತಿ.

ಉಸಿರಿನ ವಿಷಯ. ಮೂಗಿನಿಂದ ತಗೋರಿ, ಮ್ಯಾಲ ಇನ್ನೊಂದು ಸಣ್ಣ ಎಳತ ಎಳೀರಿ, ಆಮ್ಯಾಲ ಬಾಯಿಯಿಂದ ಉದ್ದಕ ಬಿಡ್ರಿ. ಉಸಿರು ಬಿಡೂಹೊತ್ತಿಗೆ ಎದಿ ಬಡಿತ ಸಹಜ ನಿಧಾನ ಆಗತೈತಿ, ಮಿದುಳಿನಿಂದ ಎದಿಗೆ ಹೋಗೂ ವೇಗಸ್ ನರದ ಕೆಲಸ ಅದು, ಹಂಗಾಗಿ ತಗೊಳ್ಳೂದಕ್ಕಿಂತ ಬಿಡೂದು ಉದ್ದ ಇರಬೇಕು. ನಾಕೈದು ಸಲ ಸಾಕು. ದಮ್ಮು ಹೆಚ್ಚ ಹಿಡೀಬೇಕಂತ ನೀರಿಗೆ ಹೋಗೂ ಮುಂಚೆ ಜೋರ್‌ಜೋರ್ ಉಸಿರಾಡೂದು ಮಾತ್ರ ಯಾವತ್ತೂ ಮಾಡಬ್ಯಾಡ್ರಿ, ರಕ್ತದಾಗಿನ ಕಾರ್ಬನ್ ಡೈಆಕ್ಸೈಡ್ ಇಳದು ಉಸಿರು ಬೇಕು ಅನ್ನೂ ಸೂಚನಾನ ತಡಾ ಆಗಿ ನೀರಾಗ ಎಚ್ಚರ ತಪ್ಪಬಹುದು, ಈಸಾಕ ಬರವ್ರೂ ಹಿಂಗ ಸತ್ತದ್ದು ಐತಿ.

ಈಗ ಬೀಳೂದು. ನನ್ನ ಪ್ರಕಾರ ಮೊದಲನೇ ಅರ್ಧ ತಾಸು ನಿಲ್ಲಾಕ ಪ್ರಯತ್ನಾನ ಮಾಡಬಾರ್ದು, ಬರೇ ಬೀಳಬೇಕು. ಸೊಂಟದ ಮಟ ನೀರಾಗ ಬೋರ್ಡ್ ಇಲ್ಲದ ನಿಂತು ಬಿಳಿ ನೀರು ಬಂದು ಕೆಡವಲಿ, ಎರಡೂ ಕೈಯಿಂದ ತಲಿ ಮುಚ್ಕೋರಿ, ಒಳಗ ಒಂದು, ಎರಡು, ಮೂರು ಅಂತ ಎಣಿಸ್ರಿ. ಸಣ್ಣ ಅಲೆಯೊಳಗ ಐದು ಎಣಿಸೂದ್ರೊಳಗ ಹೆಚ್ಚಾಗಿ ತಲಿ ಮ್ಯಾಲ ಬಂದಿರತೈತಿ, ಮನಸ್ಸಿಗೆ ಅರ್ಧ ನಿಮಿಷ ಅನ್ನಿಸಿರತೈತಿ. ಲೆಕ್ಕ ಗೊತ್ತಾತಂದ್ರ ಅರ್ಧ ಅಂಜಿಕಿ ಅಲ್ಲೇ ಮುಗೀತು. ಬೋರ್ಡ್ ಜೋಡಿ ಬೀಳೂಹೊತ್ತಿಗೆ ತಲಿ ಮುಂದ ಮಾಡಿ ಹಾರಬ್ಯಾಡ್ರಿ, ತಳ ಎಷ್ಟು ಆಳ ಗೊತ್ತಿರೂದಿಲ್ಲ, ಬೋರ್ಡಿನ ಬಾಜೂಕ ಅಗಲ ಆಗಿ ಬೀಳ್ರಿ. ಮ್ಯಾಲ ಬರೂಹೊತ್ತಿಗೆ ಕೈ ಮುಂದ, ತಲಿ ಹಿಂದ, ಯಾಕಂದ್ರ ಕಾಲಿಗೂ ಬೋರ್ಡಿಗೂ ಕಟ್ಟಿದ ಹಗ್ಗ, ಲೀಶ್ ಅಂತಾರ, ಅದು ಎಳದು ಬೋರ್ಡ್ ನಿಮ್ಮ ಕಡೆನ ಜಿಗದು ಬರಬಹುದು. ಲೀಶ್ ಕೈಗೆ ಸುತ್ಕೋಬ್ಯಾಡ್ರಿ, ನಿಮಗೂ ಅಲೆಗೂ ನಡುವ ಬೋರ್ಡ್ ಅಡ್ಡ ಹಿಡೀಬ್ಯಾಡ್ರಿ.

ನಿಲ್ಲೂಹೊತ್ತಿಗೆ ದಂಡಿ ಮ್ಯಾಲಿನ ಒಂದು ತೆಂಗಿನ ಗಿಡ ನೋಡ್ರಿ, ಕಾಲು ನೋಡಿದ್ರ ಬಿದ್ರಿ ಅಂತ ತಿಳ್ಕೋರಿ. ಕಲಸವ್ರ ಜೋಡಿ ಮೊದಲ ಮಾತಾಡ್ಕೋರಿ, ಕೊಂಕಣಿ-ಹಿಂದಿ-ಇಂಗ್ಲಿಷ್ ಕಲಸಿ ಉದ್ದಕ ಹೇಳಿದ್ರ ಆ ಹೊತ್ನ್ಯಾಗ ತಲಿಗೆ ಹೋಗೂದಿಲ್ಲ, "ಪ್ಯಾಡಲ್" (ಮಲಗಿ ಕೈಯಿಂದ ನೀರು ಹಿಂದ ತಳ್ಳೂದು), "ಅಪ್", "ಸ್ಟಾಪ್" ಇಷ್ಟ ಸಾಕು ಅನ್ರಿ. ದೋಸ್ತರಿಗೆ ಮೊಬೈಲ್ ಒಳಗಿಡಾಕ ಹೇಳ್ರಿ. ದಂಡ್ಯಾಗ ನಿಂತು ವಿಡಿಯೋ ಮಾಡ್ಕೋತ "ಹೌದ ಹುಲಿಯಾ" ಅಂತ ಒದರಿದ್ರ ಹುಲಿ ಆಗೂದಿಲ್ಲ, ಇದ್ದ ಧ್ಯಾನಾನೂ ಹೋಗತೈತಿ.

ನಾನು ಎಲ್ಲಕ್ಕಿಂತ ಹೆಚ್ಚ ಅಂಜೂದು ಮೊದಲನೇ ಸಲ ನಿಂತ ಮ್ಯಾಲಿನ ಹತ್ತು ನಿಮಿಷಕ್ಕ. ಆವಾಗ ಅದ ಅಡ್ರಿನಾಲಿನ್ ಹುರುಪಾಗಿ ಬಂದಿರತೈತಿ, ಕಾರಹುಣ್ಣಿಮಿ ದಿನ ಕರಿ ಹರಿಯಾಕ ಬಿಟ್ಟ ಎತ್ತಿನಂಗ, ದಣಿವು ಗೊತ್ತಾಗೂದಿಲ್ಲ, ತರಚಿದ್ದು ಗೊತ್ತಾಗೂದಿಲ್ಲ, ಇನ್ನೊಂದು ಜರಾ ಒಳಗ ಹೋಗೂಣು ಅನ್ನಿಸ್ತೈತಿ, ಅಂಜೂಹೊತ್ತಿಗೆ ಹುಷಾರ್ ಇದ್ದ ಮನಷ್ಯಾ ಈಗ ಎದಿಮಟ ನೀರಿಗೆ ಹೋಗಿರತಾನ. ನಿಂತ್ರೇನು, ಖುಷಿ ಪಡ್ರಿ, ಆದ್ರ ದಂಡಿಗೆ ಬಂದು ನೀರು ಕುಡೀರಿ, ಕುಂದರ್ರಿ, ಆಮ್ಯಾಲ ಮತ್ತ ಅದ ಜಾಗಕ್ಕ ಹೋಗ್ರಿ.

ಒಂದ್ ವ್ಯಾಳ್ಯಾ ನೀರು ಒಳಗ ಎಳ್ಯಾಕ ಹತ್ತಿದ್ರ ಅದು ರಿಪ್ ಕರೆಂಟ್, ದಂಡಿ ಕಡೆ ಎದುರಾಗಿ ಈಸಬ್ಯಾಡ್ರಿ, ಗೆಲ್ಲೂದಿಲ್ಲ. ಬೋರ್ಡ್ ಬಿಡಬ್ಯಾಡ್ರಿ, ಅದ ನಿಮ್ಮ ಬೆಂಡು, ಅದರ ಮ್ಯಾಲ ಮಲಗಿ ಒಂದು ಕೈ ಮ್ಯಾಲೆತ್ತಿ ಸಹಾಯ ಕೇಳ್ರಿ, ಶಕ್ತಿ ಇದ್ರ ದಂಡಿಗೆ ಅಡ್ಡಲಾಗಿ ಪ್ಯಾಡಲ್ ಮಾಡಿ ಎಳತದಿಂದ ಹೊರಗ ಬಂದು ಆಮ್ಯಾಲ ದಂಡಿ ಕಡೆ ತಿರಗ್ರಿ.

ಉಸಿರು ಹತೋಟಿಗೆ ಬರವಲ್ದು, ಕಣ್ಣಿಗೆ ಮಬ್ಬು, ಹೇಳಿದ್ದು ಕೇಳಸವಲ್ದು ಅಂದ್ರ ಅದು ನರ್ವಸ್ ಅಲ್ಲ, ಪ್ಯಾನಿಕ್, ಅವತ್ತಿಗೆ ಸಾಕು, ರೊಕ್ಕ ಹೋತಂತ ಮತ್ತ ಇಳಿಯಾಕ ಹೋಗಬ್ಯಾಡ್ರಿ. ಎಲ್ಲಾ ಚೊಲೋ ಆದ್ರೂ ಅವತ್ತ ಸಂಜಿಗೆ ಗಾಡಿ ಹೊಡಕೊಂಡು ವಾಪಸ್ ಹೊಂಡೂ ಪ್ಲಾನ್ ಬ್ಯಾಡ. ಹುರುಪು ಇಳದ ಮ್ಯಾಲ ಮೈ ಭಾರ ಆಗಿ ಜೋಂಪು ಹತ್ತತೈತಿ, ಚೋರ್ಲಾ ಘಾಟಿನ ತಿರುವಿನ್ಯಾಗ ರಾತ್ರಿ ಅದು ಬರಬಾರ್ದು, ಅಲ್ಲೇ ಉಳದು ಮುಂಜಾನಿ ಬರ್ರಿ.