ಹಳ್ಳಿ ಬಯಲಿನಲ್ಲಿ ಇಬ್ಬರು ಹೆಣ್ಣುಮಕ್ಕಳ ಪ್ರೇಮ: ಕಾದಂಬರಿ ಬರೆಯುವ ಬಗೆ

ಮೊದಲು ಕೆಲಸ ಹುಡುಕಿ, ಪ್ರೇಮ ಆಮೇಲೆ. ಹಳ್ಳಿಯಲ್ಲಿ ಇಬ್ಬರು ಒಟ್ಟಿಗೆ ಕಳೆಯುವ ಹೊತ್ತು ಹೆಚ್ಚಾಗಿ ಯಾವುದೋ ಕೆಲಸದ ನೆಪದಲ್ಲೇ ಸಿಗುವುದು. ಬೇಲಿ ಕಟ್ಟುವುದೋ, ಕೊಯ್ಲೋ, ದನದ ಆರೈಕೆಯೋ, ಒಬ್ಬಳಿಂದ ಆಗದ ಕೆಲಸ ಒಂದನ್ನು ಆರಿಸಿಕೊಂಡರೆ ಅವರನ್ನು ಮತ್ತೆ ಮತ್ತೆ ಎದುರಾಗಿಸಲು ಆಕಸ್ಮಿಕಗಳನ್ನು ಹೆಣೆಯಬೇಕಿಲ್ಲ. ಕೆಲಸಕ್ಕೆ ಗಡುವೂ ಇರಲಿ. ಮೇಕೆ ಗಬ್ಬವಾಗಿ ಮರಿ ಹಾಕಲು ಸುಮಾರು 150 ದಿನ, ಹಸುವಿಗೆ ಸುಮಾರು 280. ಹೊಸದಾಗಿ ಬಂದ ಪಶುವೈದ್ಯೆ ಮಂದೆ ಮರಿ ಹಾಕಿ ಮುಗಿಸುವ ತನಕ ಮಾತ್ರ ಊರಲ್ಲಿರುತ್ತಾಳೆ ಅಂದರೆ ಕಥೆಗೆ ಐದು ತಿಂಗಳ ಚೌಕಟ್ಟು ಸಿಕ್ಕಿತು.

ಗಾತ್ರಕ್ಕೆ 60ರಿಂದ 75 ಸಾವಿರ ಪದ ಸಾಕು. ಎರಡು, ಎರಡೂವರೆ ಸಾವಿರ ಪದಗಳ 30 ಅಧ್ಯಾಯ. ಎರಡನೇ ಅಧ್ಯಾಯದೊಳಗೆ ಭೇಟಿ, ನಡುವಿನ ಆಸುಪಾಸು ಮೊದಲ ಮುತ್ತು, ಮುಕ್ಕಾಲು ದಾಟಿದ ಮೇಲೆ ಮುರಿತ. ಹೀಗೇ ಆಗಬೇಕೆಂದಿಲ್ಲ, ಆದರೆ ಭೇಟಿಯನ್ನು ಎಂಟನೇ ಅಧ್ಯಾಯಕ್ಕೆ ತಳ್ಳಿದರೆ ಓದುಗರು ಕಾಯುವುದಿಲ್ಲ.

ಬಹಳಷ್ಟು ಹಸ್ತಪ್ರತಿಗಳು ಸೋಲುವುದು ಪ್ರೇಮಕ್ಕೆ ಎದುರಾಗುವ ಅಡ್ಡಿಯ ವಿಷಯದಲ್ಲಿ. ‘ಊರವರು ಏನೆಂದಾರು’ ಎಂಬ ಒಂದೇ ಭಯದ ಮೇಲೆ 30 ಅಧ್ಯಾಯ ನಿಲ್ಲುವುದಿಲ್ಲ. ಹತ್ತನೆಯದರ ಹೊತ್ತಿಗೆ ಅದೇ ಮಾತು, ಅದೇ ಕಣ್ಣೀರು. ಭಯ ಇರಲಿ, ಜೊತೆಗೆ ಇಬ್ಬರಿಗೂ ಅವರವರದೇ ಕಾರಣ ಕೊಡಿ. ಒಬ್ಬಳು ಜಮೀನು ಬಿಟ್ಟು ಹೋಗಲಾರಳು, ಇನ್ನೊಬ್ಬಳು ಎಲ್ಲಿಯೂ ಎರಡು ವರ್ಷ ನಿಂತವಳಲ್ಲ. ಇಬ್ಬರದೂ ಸರಿ ಅನ್ನಿಸಬೇಕು. ಊರನ್ನು ಖಳನಾಯಕ ಮಾಡುವ ಬದಲು ಅದಕ್ಕೆ ಕಣ್ಣು ಕಿವಿ ಕೊಡಿ: ಬೆಳಗಿನ ಐದಕ್ಕೆ ಯಾರ ಬೈಕ್ ಯಾರ ಅಂಗಳದಿಂದ ಹೊರಟಿತು ಅಂತ ಸದ್ದಿನಲ್ಲೇ ಗುರುತಿಸುವ ಜನ. ಗೊತ್ತಿದ್ದೂ ಬಾಯಿ ಬಿಡದ ಒಂದು ಮುದುಕಿ ಹತ್ತು ಬೈಗುಳಗಾರರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾಳೆ.

ಇನ್ನು ಕನ್ನಡದಲ್ಲಿ ಬರೆಯುವಾಗ ಎದುರಾಗುವ ಒಂದು ತೊಡಕು. ‘ಅವಳು ಅವಳ ಕೈ ಹಿಡಿದಳು. ಅವಳ ಮುಖ ಕೆಂಪೇರಿತು.’ ಯಾರ ಮುಖ? ಗಂಡು ಹೆಣ್ಣಿನ ಕಥೆಯಲ್ಲಿ ಹಿಡಿದನೋ ಹಿಡಿದಳೋ ಎಂಬುದೇ ಗೊಂದಲ ಬಿಡಿಸುತ್ತದೆ, ಇಲ್ಲಿ ಎಲ್ಲವೂ ‘ಳು’. ಯಾರ ಮನಸ್ಸಿನೊಳಗಿಂದ ಕಥೆ ಸಾಗುತ್ತಿದೆಯೋ ಅವಳಿಗೆ ‘ಇವಳು’, ಎದುರಿನವಳಿಗೆ ‘ಅವಳು’ ಎಂದು ಅಧ್ಯಾಯದುದ್ದಕ್ಕೂ ಹಿಡಿದಿಟ್ಟರೆ ಅರ್ಧ ಕಷ್ಟ ಕಳೆಯಿತು. ಉಳಿದರ್ಧ ‘ತನ್ನ’ ನೋಡಿಕೊಳ್ಳುತ್ತದೆ: ‘ಮುಳ್ಳು ಕೀಳಲು ಅವಳ ಅಂಗೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡಳು.’ ಹೆಸರೂ ಬೇಡ, ಗೊಂದಲವೂ ಇಲ್ಲ. ಹೆಸರಿಡುವಾಗ ಸುಮಾ, ಸುಧಾ ಅಂತ ಜೋಡಿಸಬೇಡಿ; ಮೊದಲ ಅಕ್ಷರವೂ ಉದ್ದವೂ ಬೇರೆಯಾಗಿರಲಿ. ‘ನೀವು’ ಹೋಗಿ ‘ನೀನು’ ಬರುವ ಗಳಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅದು ಒಂದೇ ಸಲ ಆಗುವಂಥದ್ದು, ಮುತ್ತಿಗಿಂತ ಮುಂಚೆ ಆದರೆ ಚೆನ್ನ. ಆದಾಗ ಅದರ ಬಗ್ಗೆ ನಿರೂಪಕಿ ಒಂದು ಮಾತೂ ಆಡಬಾರದು.

ಕೆಲಸದ ವಿವರ ತಪ್ಪಿದರೆ ಪ್ರೇಮವೂ ಸುಳ್ಳೆನಿಸುತ್ತದೆ. ಕರು ಹಾಕುವ ದೃಶ್ಯ ತೆಗೆದುಕೊಳ್ಳಿ. ಮೊದಲು ಕಾಣಬೇಕಾದ್ದು ಎರಡು ಮುಂಗಾಲು, ಅವುಗಳ ಮೇಲೆ ಮೂತಿ. ಗೊರಸಿನ ಅಡಿ ಮೇಲ್ಮುಖವಾಗಿದ್ದರೆ ಅವು ಹಿಂಗಾಲು ಇರಬಹುದು, ಅಲ್ಲಿಗೆ ದೃಶ್ಯದ ಉಸಿರು ಬಿಗಿಯಾಗುತ್ತದೆ. ಎಳೆಯುವುದು ಹಸು ತಿಣುಕುವಾಗ ಮಾತ್ರ. ಅದು ನಿಲ್ಲಿಸಿದಾಗ ಕೈಯೂ ನಿಲ್ಲಬೇಕು. ಅಂದರೆ ಇಬ್ಬರೂ ಹಗ್ಗ ಹಿಡಿದು ಒಂದೇ ಲಯದಲ್ಲಿ ಎಳೆದು, ಕಾದು, ಮತ್ತೆ ಎಳೆಯುತ್ತಾರೆ. ಮಾತೆಲ್ಲ ಆ ಕಾಯುವ ಗಳಿಗೆಗಳಲ್ಲಿ. ‘ಅವರ ಕಣ್ಣುಗಳು ಕಲೆತವು’ ಎಂದು ಬರೆಯುವ ಆಸೆ ಬಂದರೆ ತಡೆದುಕೊಳ್ಳಿ, ಇಬ್ಬರ ಕಣ್ಣೂ ಹಸುವಿನ ಮೇಲಿರುತ್ತದೆ.

ರಾತ್ರಿಯ ದೃಶ್ಯಕ್ಕೆ ಚಂದ್ರನ ಲೆಕ್ಕ ಬರೆದಿಟ್ಟುಕೊಳ್ಳಿ. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಐದು ದಿನ ಕಳೆದ ಮೇಲೂ ಏಳು ಗಂಟೆಗೆ ಬೆಳದಿಂಗಳು ಸುರಿಸಿದರೆ ಹಳ್ಳಿಯ ಓದುಗರು ಪುಸ್ತಕ ಮಡಚುತ್ತಾರೆ. ಟಾರ್ಚ್ ಆರಿಸಿದ ಮೇಲೆ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಇದನ್ನು ಬಳಸಿಕೊಳ್ಳಿ: ಮೊದಲು ದನಿ ಮಾತ್ರ, ನಿಧಾನಕ್ಕೆ ಹೆಗಲಿನ ಅಂಚು, ಕೊನೆಗೆ ಮುಖ. ಮಿಂಚಿಗೂ ಗುಡುಗಿಗೂ ನಡುವೆ ಕಿಲೋಮೀಟರಿಗೆ ಮೂರು ಸೆಕೆಂಡು. ಸಿಡಿಲು ಹತ್ತಿರವಾಗುತ್ತಿದೆ ಎಂದು ಒಬ್ಬಳು ಗಟ್ಟಿಯಾಗಿ ಎಣಿಸಲಿ.

ಬಯಲಿನ ಪ್ರಣಯದಲ್ಲಿ ನೆಲ ಮರೆಯಬೇಡಿ. ಕೊಯ್ದ ಹೊಲದ ಕೂಳೆ ಚುಚ್ಚುತ್ತದೆ, ಇರುವೆ ಹತ್ತುತ್ತದೆ, ಇಬ್ಬನಿಗೆ ಬೆನ್ನು ತೊಯ್ಯುತ್ತದೆ. ಇಬ್ಬರೂ ನಗುತ್ತಾ ಎದ್ದು ಜಾಗ ಬದಲಿಸಿದರೆ ಸಲಿಗೆ ತಾನಾಗಿ ಬಂತು.

ಕೊನೆಯಲ್ಲಿ ಒಬ್ಬಳನ್ನು ಕೊಲ್ಲುವುದು, ಇಲ್ಲವೇ ಯಾರಿಗೋ ಮದುವೆ ಮಾಡಿ ಕಳಿಸುವುದು ಹಳೆಯ ಚಾಳಿ. ಪ್ರೇಮ ಕಾದಂಬರಿ ಎಂದು ಮುಖಪುಟದಲ್ಲಿ ಹಾಕಿದ ಮೇಲೆ ಇಬ್ಬರೂ ಜೊತೆಗಿರಬೇಕು, ಕನಿಷ್ಠ ಆ ದಾರಿ ತೆರೆದಿರಬೇಕು. ಕರಡು ಮುಗಿದ ಮೇಲೆ ಎರಡು ಬಣ್ಣದ ಪೆನ್ನು ಹಿಡಿದು ಪ್ರತಿ ‘ಅವಳು’ ಯಾರೆಂದು ಗುರುತು ಹಾಕುತ್ತಾ ಹೋಗಿ. ಬಣ್ಣ ಆರಿಸಲು ತಡವರಿಸಿದ ಕಡೆಯೆಲ್ಲ ವಾಕ್ಯ ತಿದ್ದಬೇಕು.