ಟ್ರಿಮ್ ಗೇಜ್ ಮುಳ್ಳು ಅಲ್ಲಾಡದಿದ್ದರೆ

ಶರಾವತಿ ಹಿನ್ನೀರಿನ ಸ್ಟರ್ನ್‌ಡ್ರೈವ್ ಬೋಟ್; ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಡ್ರೈವ್ ಹಿಂದೆ ಹೊರಗೆ. ಡ್ರೈವ್ ಸಲೀಸಾಗಿ ಏರಿಳಿಯುತ್ತಿತ್ತು, ಅದು ಎಷ್ಟು ಎತ್ತಿದೆ ಎಂದು ತೋರಿಸುವ ಟ್ರಿಮ್ ಗೇಜ್ ಮುಳ್ಳು ಮಾತ್ರ ಒಂದು ತುದಿಗೆ ಅಂಟಿಕೊಂಡಿತ್ತು. ಹಾಗಾದರೆ ಡ್ರೈವ್ ಎತ್ತುವ ಪಂಪ್, ಹೈಡ್ರಾಲಿಕ್ ಎಣ್ಣೆ ಮುಟ್ಟುವುದೇ ಬೇಡ.

ಕೀ ಆನ್ ಮಾಡಿ ಗೇಜ್ ಹಿಂದೆ ನೋಡಿದರೆ 'ಐ' (ಇಗ್ನಿಷನ್), 'ಜಿ' (ಗ್ರೌಂಡ್) ಟರ್ಮಿನಲ್‌ಗಳ ನಡುವೆ 12 ವೋಲ್ಟ್ ಬರುತ್ತಿತ್ತು. 'ಎಸ್' ವೈರ್ (ಸೆಂಡರ್‌ನಿಂದ ಬರುವುದು) ಬಿಚ್ಚಿದರೂ ಮುಳ್ಳು ಕದಲಲಿಲ್ಲ; 'ಎಸ್' ಟರ್ಮಿನಲ್ಲನ್ನು 'ಜಿ'ಗೆ ಮುಟ್ಟಿಸಿದ ತಕ್ಷಣ ಇನ್ನೊಂದು ತುದಿಗೆ ಹೋಯಿತು. ಗೇಜ್ ಚೆನ್ನಾಗಿದೆ, ಹೊಸದು ತಂದಿದ್ದರೆ ದುಡ್ಡು ದಂಡ.

ಆಮೇಲೆ ಸೆಂಡರ್, ಅಂದರೆ ಡ್ರೈವ್ ಎಷ್ಟು ಎತ್ತಿದೆ ಎಂದು ಗೇಜ್‌ಗೆ ತಿಳಿಸುವ ಭಾಗ. ಎರಡೂ ವೈರ್ ಕಳಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಡ್ರೈವ್ ಎತ್ತಿದಾಗ ಸುಮಾರು 10ರಿಂದ 160ರವರೆಗೆ ಜಿಗಿಯದೆ ಏರಬೇಕು. ಮಾದರಿಗೆ ತಕ್ಕಂತೆ ಅಂಕಿ ಬೇರೆಯಾಗುತ್ತದೆ. ಇಲ್ಲಿ ಪೂರ್ತಿ ಓಪನ್, ಅಂದರೆ ಎಲ್ಲೋ ತುಂಡಾಗಿದೆ. ಟ್ರಾನ್ಸಮ್ (ಬೋಟಿನ ಹಿಂದಿನ ಗೋಡೆ) ಹೊರಗೆ ವೈರ್ ಬಾಗುವ ಕಡೆ ಹೊದಿಕೆ ಸೀಳಿ, ತಾಮ್ರ ಹಸಿರುಗಟ್ಟಿ ಪುಡಿಪುಡಿಯಾಗಿತ್ತು. ಬೋಟ್ ತಿರುಗಿಸಿದಾಗಲೆಲ್ಲ ಮಡಚುವ ಜಾಗ ಅದು. ಜಾಯಿಂಟ್ ಹಾಕಿ ಟೇಪ್ ಸುತ್ತಿದರೆ ಬಾಳುವುದಿಲ್ಲ, ಸೆಂಡರನ್ನು ವೈರ್ ಸಮೇತ ಬದಲಿಸಬೇಕು.

ಎತ್ತಿದ ಡ್ರೈವ್ ಕೆಳಗೆ ಕೈ ಹಾಕುವ ಮುಂಚೆ ಗಟ್ಟಿ ಮರದ ತುಂಡು ಆನಿಸಿಡಿ. ಹೊಸ ಸೆಂಡರ್ ಹೊಂದಿಸುವಾಗ ಮಾತ್ರ ಡ್ರೈವ್ ಪೂರ್ತಿ ಇಳಿದಿರಲಿ. ಎರಡು ಸ್ಕ್ರೂ ಸಡಿಲವಿಟ್ಟು, ಮುಳ್ಳು 'ಡೌನ್' ಗುರುತಿಗೆ ಬರುವವರೆಗೆ ಸೆಂಡರ್ ತಿರುಗಿಸಿ, ಬಿಗಿ ಮಾಡಿ. ಗೇಜ್ ಹತ್ತಿರ ಇನ್ನೊಬ್ಬರು ನಿಂತು ಕೂಗಿ ಹೇಳಿದರೆ ಕೆಲಸ ಬೇಗ ಮುಗಿಯುತ್ತದೆ.